ಡಾ. ಕೆ. ಎಸ್. ಕೃಷ್ಣನ್

ಪ್ರತಿವರ್ಷ ಫೆಬ್ರವರಿ 28ರಂದು ನಾವು ವಿಜ್ಞಾನ ದಿನವನ್ನಾಚರಿಸಿ ಸರ್ ಸಿ. ವಿ. ರಾಮನ್ನರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅದರ ಪಕ್ಕದಲ್ಲಿ ಇನ್ನೊಂದು ಭಾವಚಿತ್ರವೂ ಇರಬೇಕಾಗಿತ್ತೆಂದು ನಮಗೆ ಅನ್ನಿಸುತ್ತದೆ.

ತಮಿಳುನಾಡಿನ ಕಂಬಂ, ಬೋಡಿನಾಯಕನೂರುಗಳ ಕಡೆ ಇಂದಿಗೂ ಕನ್ನಡವೇ ಮನೆಮಾತಾಗಿರುವ ಕುಟುಂಬಗಳಿವೆ. ಆ ತೇಣಿ ಸೀಮೆಯ ವರುಷನಾಡು ಬೆಟ್ಟಗಳನ್ನು ದಾಟಿ ಪೂರ್ವಕ್ಕೆ ಇಳಿದರೆ ವತ್ರಾಪ್ ಎಂಬ ಊರು. ಕರಿಯಮಾಣಿಕ್ಯಂ ಶ್ರೀನಿವಾಸ ಕೃಷ್ಣನ್ನರು 1898ರ ಡಿಸೆಂಬರ್ 4ರಂದು ಜನಿಸಿದ್ದು ಅಲ್ಲಿ. ತಂದೆಯವರು ಬೇಸಾಯಗಾರರು, ತಮಿಳು, ಸಂಸ್ಕೃತಗಳನ್ನು ಬಲ್ಲವರು. ಶ್ರೀವಿಲ್ಲಿಪುತ್ತೂರು, ಮಧುರೆ, ಮದರಾಸುಗಳಲ್ಲಿ ಓದಿದ ಕೃಷ್ಣನ್ನರು ಕಲ್ಕತ್ತೆಗೆ ಹೋಗಿ, 1923ರಲ್ಲಿ ರಾಮನ್ನರ ಪ್ರಯೋಗಶಾಲೆಯನ್ನು ಸೇರಿದರು.

1928ರ ಫೆಬ್ರವರಿಯಲ್ಲಿ ಗುರುಶಿಷ್ಯರು ಶುದ್ಧವಾದ ದ್ರವಗಳ ಮೂಲಕ ನೀಲಿ ಬಣ್ಣದ ಬೆಳಕನ್ನು ಹಾಯಿಸಿ, ಪಕ್ಕಕ್ಕೆ ಚದುರಿದ ಬೆಳಕನ್ನು ಮತ್ತೊಂದು ಬಣ್ಣದ ಗಾಜಿನಿಂದ ನೋಡಿದರು. ಆ ಗಾಜು ನೀಲಿಯನ್ನು ತಡೆಯುವಂಥದು. ಬೆಳಕಿನ ಬಣ್ಣ ಬದಲಾಗದಿದ್ದರೆ ಕಣ್ಣಿಗೆ ಕತ್ತಲೆಯೇ ಕಾಣಬೇಕು. ಕಂಡದ್ದು ಮಸುಕಾದ ಬೆಳಕು! ಸುಮಾರು 60 ದ್ರವಗಳಲ್ಲಿಯೂ ಹೀಗೆಯೇ ಆಯಿತು. ಕತ್ತಲೆಗೆ ಕಣ್ಣು ಪಳಗಿಸಿಕೊಂಡು ನೋಡುವ ಈ ಕೆಲಸದಲ್ಲಿ ಕೃಷ್ಣನ್ನರ ಪಾಲು ದೊಡ್ಡದು. 'ನೇಚರ್' ಪತ್ರಿಕೆಯ ಮೊದಲ ಲೇಖನದಲ್ಲಿ ಇಬ್ಬರ ಹೆಸರೂ ಇದ್ದಿತು. 1930ರ ನೊಬೆಲ್ ಬಹುಮಾನ ರಾಮನ್ನರೊಬ್ಬರಿಗೇ ಬಂದಿತು. ಇದು ಸರಿಯೇ ಎಂದು ಮಕ್ಕಳು ಕೇಳುವುದುಂಟು. ವರ್ಷಗಟ್ಟಲೆ ಆ ಪ್ರಶ್ನೆಯ ಬೆನ್ನುಹತ್ತಿದವರು ರಾಮನ್ನರು, ನಿಜ. ಆದರೂ ಶಿಷ್ಯನ ಹೆಸರು ನಮ್ಮ ಪಾಠಗಳಲ್ಲಿ ಹಿಂದೆ ಬಿದ್ದುದು ನ್ಯಾಯವಲ್ಲ.

ಕೃಷ್ಣನ್ನರು 1928ರ ಕೊನೆಗೆ ಢಾಕಾಕ್ಕೆ ಹೋಗಿ ಹರಳುಗಳ ಕಾಂತಗುಣವನ್ನು ಅಳೆಯತೊಡಗಿದರು. 1933ರಲ್ಲಿ ಕಲ್ಕತ್ತೆಗೆ ಮರಳಿದ ಮೇಲೆ ಗ್ರಾಫೈಟನ್ನು ಹಿಡಿದರು. ನಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಅದೇ. ಇಂಗಾಲದ ತೆಳುಹಾಳೆಗಳು ಒಂದರ ಮೇಲೊಂದು ಕುಳಿತ ಈ ವಸ್ತುವಿನ ಗುಣ ಹಾಳೆಯುದ್ದಕ್ಕೆ ಒಂದು, ಅಡ್ಡಲಾಗಿ ಇನ್ನೊಂದು ಎಂದು ಅಳೆದು ತೋರಿಸಿದರು. ಇಂದಿನ ಇಂಗಾಲದ ನ್ಯಾನೊನಳಿಗೆ ಅಂಥ ಹಾಳೆಯನ್ನೇ ಸುರುಳಿ ಸುತ್ತಿದಂತಿರುತ್ತದೆ. ನಳಿಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ, ಹಾಳೆ ಮಾಡಿ ಎಳೆದರೆ ಅವು ಒಂದೇ ದಿಕ್ಕಿಗೆ ಸಾಲುಗೊಳ್ಳುತ್ತವೆ. ಆಗ ನಳಿಗೆಯುದ್ದಕ್ಕೆ ಕಂಪಿಸುವ ಬೆಳಕನ್ನು ಹೆಚ್ಚಾಗಿ ನುಂಗಿ, ಅಡ್ಡಲಾಗಿ ಕಂಪಿಸುವುದನ್ನು ಹೆಚ್ಚಾಗಿ ಬಿಡುತ್ತವೆ. ನಳಿಗೆಗಳ ಗಾತ್ರವನ್ನೂ ಸಾಲನ್ನೂ ಪರೀಕ್ಷಿಸುವುದಾದರೂ ಹೇಗೆ? 1928ರ ಆ ಮಸುಕಾದ ಬೆಳಕಿನಿಂದಲೇ!

ಕೃಷ್ಣನ್ನರು 1940ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1947ರಿಂದ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರು. ಅಷ್ಟು ಕೆಲಸದ ನಡುವೆಯೂ ತಾಯ್ನುಡಿ ತಮಿಳಿನಲ್ಲಿ ವಿಜ್ಞಾನದ ಬರಹಗಳನ್ನು ಬರೆದರು. ಕನ್ನಡ ಪಾಠ ಹೇಳುವ ನಮಗೆ ಅವರು ಹೆಚ್ಚು ಹತ್ತಿರವಾಗುವುದು ಇಲ್ಲಿಯೇ. 1961ರ ಜೂನ್ ತಿಂಗಳಲ್ಲಿ ಅವರು ದಿವಂಗತರಾದರು.