ತಾಳೆಯೋಲೆಗಳ ರಕ್ಷಕ ಫ. ಗು. ಹಳಕಟ್ಟಿ

ಗ್ರಂಥಕರ್ತನು ತನ್ನ ಕೈಯಾರೆ ಹೆಸರು ಬರೆದುಕೊಟ್ಟ ಪ್ರಥಮ ಮುದ್ರಣದ ಪುಸ್ತಕವನ್ನು ದೊಡ್ಡ ಬೆಲೆ ತೆತ್ತು ಕೊಳ್ಳುವವರು ಲೋಕದಲ್ಲಿ ಅನೇಕರಿದ್ದಾರೆ. ಆದರೆ ಅಚ್ಚಿನ ಯಂತ್ರವೇ ಇಲ್ಲದ ಕಾಲದಲ್ಲಿ ಹುಟ್ಟಿದ ಕೃತಿಗಳ ಗತಿಯೇನು? ಅವುಗಳನ್ನು ಹುಡುಕಿ ಕೂಡಿಹಾಕಿ, ಅವಕ್ಕೆ ಪ್ರಥಮ ಮುದ್ರಣದ ಭಾಗ್ಯವನ್ನೇ ಒದಗಿಸಿದ ಮಹನೀಯರೊಬ್ಬರ ಜೀವನವನ್ನು ನಾವಿಲ್ಲಿ ಸಂಗ್ರಹವಾಗಿ ನೋಡೋಣ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆಯವರು ಶಿಕ್ಷಕರೂ ಲೇಖಕರೂ ಆಗಿದ್ದರು. ಧಾರವಾಡದ ವ್ಯಾಸಂಗ ಮುಗಿದ ಬಳಿಕ ಹಳಕಟ್ಟಿಯವರು ಮುಂಬಯಿಯ ಸಂತ ಝೇವಿಯರ್ ಕಾಲೇಜನ್ನು ಸೇರಿ, 1901ರಲ್ಲಿ ಪದವೀಧರರಾದರು. 1904ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಶಹಾಡದಿಂದ ನಿತ್ಯವೂ ಮುಂಬಯಿಗೆ ಹೋಗುವ ನಮ್ಮ ಹಿರಿಯರು ಇಳಿಯುವ ಕಡೆಯ ನಿಲ್ದಾಣದಿಂದ ಆ ಕಾಲೇಜು ಕಾಲ್ನಡಿಗೆಯ ದೂರದಲ್ಲಿಯೇ ಇದೆ. ಮರಾಠಿ, ಗುಜರಾತಿ ಜನರು ತಮ್ಮ ತಮ್ಮ ಭಾಷೆಗಳ ಮೇಲಿಟ್ಟಿದ್ದ ಅಭಿಮಾನವನ್ನು ಈ ನಗರದಲ್ಲಿ ಕಂಡ ತರುಣ ಹಳಕಟ್ಟಿಯವರಲ್ಲಿ ಕನ್ನಡದ ಚಿಂತೆ ಬಲವಾಯಿತು.

ಮುಂದೆ ಅವರು ಬಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿ ನಿಂತರು. ಆದರೆ ಮನಸ್ಸೆಲ್ಲ ತಾಳೆಯೋಲೆಯ ಕಟ್ಟುಗಳಲ್ಲಿತ್ತು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಆಗ ಮಠಗಳಲ್ಲಿಯೂ ಮನೆಗಳ ಜಗಲಿಗಳ ಮೇಲೂ ಬಟ್ಟೆಯಲ್ಲಿ ಸುತ್ತಿದ ಓಲೆಗಳಾಗಿ ಉಳಿದಿದ್ದವು. ಜನರು ಅವುಗಳಿಗೆ ಪೂಜೆ ಸಲ್ಲಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ವಿರಳ. ಹುಳುಗಳು ದಿನದಿನವೂ ಅವನ್ನು ತಿನ್ನುತ್ತಿದ್ದವು. ಹಳಕಟ್ಟಿಯವರು ಊರೂರು ತಿರುಗಿ, ಒಡೆಯರ ಮನವೊಲಿಸಿ, ಆ ಕಟ್ಟುಗಳನ್ನು ಕೂಡಿಸಿದರು.

ಓಲೆಯನ್ನು ಓದುವುದು ಸುಲಭದ ಕೆಲಸವಲ್ಲ. ಕಂಟದಿಂದ ಕೊರೆದ ಅಕ್ಷರಗಳು ಕಾಡಿಗೆ ಸವರಿದ ಮೇಲೆಯೇ ಸ್ಪಷ್ಟವಾಗುತ್ತವೆ. ಪದಗಳ ನಡುವೆ ತೆರಪಿಲ್ಲ. ಒಂದು ಪ್ರತಿಯಲ್ಲಿದ್ದ ಪಾಠ ಇನ್ನೊಂದರಲ್ಲಿಲ್ಲ. ಈ ಪ್ರತಿಗಳು ಶರಣರ ಸ್ವಹಸ್ತದವೂ ಅಲ್ಲ. ಅನಂತರದವರು ನಕಲು ಮಾಡಿದವು. ಹಾಗಾದರೆ ಯಾವ ವಚನ ಯಾರದೆಂದು ತಿಳಿಯುವುದೆಂತು? ಅದಕ್ಕೆ ದಾರಿಯನ್ನು ವಚನಕಾರರೇ ಇಟ್ಟುಹೋಗಿದ್ದರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಹೀಗೆ ಪ್ರತಿಯೊಬ್ಬರ ವಚನದಲ್ಲಿಯೂ ಒಂದು ಅಂಕಿತವಿತ್ತು. ಪುಸ್ತಕದ ಮೊದಲ ಪುಟದ ಮೇಲಿನ ರುಜು ಪುಟ ಹರಿದರೆ ಹೋಗುತ್ತದೆ. ವಚನದೊಳಗೆ ಬೆರೆತ ಈ ರುಜು ನಕಲಿನಿಂದ ನಕಲಿಗೆ ಸಾಗಿ ಉಳಿದುಬಂದಿತು.

1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿ ಕೆಲಸ ಸಾಗದೆಂದರಿತ ಹಳಕಟ್ಟಿಯವರು, ಇದ್ದ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಹೊರಡಿಸಿದರು. ಅದುವರೆಗೆ ಸುಮಾರು 50 ವಚನಕಾರರ ಹೆಸರುಗಳಷ್ಟೇ ತಿಳಿದಿದ್ದವು. ಇವರ ಶ್ರಮದಿಂದ ಆ ಸಂಖ್ಯೆ 200ನ್ನು ಮೀರಿತು. ಹರಿಹರ ಕವಿಯ ರಗಳೆಗಳೂ ಇವರಿಂದ ಬೆಳಕು ಕಂಡವು.

ಈ ನಡುವೆ ಬಿಜಾಪುರದಲ್ಲಿ ವಿದ್ಯಾಸಂಸ್ಥೆಯನ್ನೂ ಸಹಕಾರಿ ಬ್ಯಾಂಕನ್ನೂ ಕಟ್ಟಲು ದುಡಿದರು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಅವರಿಗೆ ಸಂದವು. ಆದರೆ ಬಡತನ ಮನೆ ಬಿಟ್ಟು ಹೋಗಲಿಲ್ಲ. ಹರಿದ ಕೋಟು ತೊಟ್ಟು, ಸೈಕಲಿನ ಮೇಲೆ ಓಡಾಡುತ್ತಿದ್ದ ಅವರು 1964ನೆಯ ಜೂನ್ 29ರಂದು ತೀರಿಕೊಂಡರು. ನಾಡು ಅವರನ್ನು ವಚನ ಪಿತಾಮಹರೆಂದು ಸ್ಮರಿಸುತ್ತಿದೆ.

ಬಾಲಬಾಂಧವರೇ, ಶಹಾಡದ ನಮ್ಮ ಮನೆಗಳು ಚಿಕ್ಕವು; ಹಳೆಯ ಪುಸ್ತಕಗಳಿಗೆ ಜಾಗ ಸಾಲದೆಂಬುದು ನಿಜ. ಆದರೂ ಊರಿನಿಂದ ಅಜ್ಜ ತಂದ ಪೆಟ್ಟಿಗೆಯಲ್ಲಿ ಒಂದು ಕನ್ನಡ ಪುಸ್ತಕವಿದ್ದರೆ, ಅದನ್ನು ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡೋಣ. ಯಾರ ಹೆಸರು, ಯಾವ ಇಸವಿ ಬರೆದಿದೆಯೆಂದು ಹಿರಿಯರನ್ನು ಕೇಳೋಣ. ಪೂಜಿಸಿ ಮುಚ್ಚಿಟ್ಟ ಓಲೆಯೂ ಹುಳುವಿನ ಪಾಲಾಗುತ್ತಿತ್ತೆಂಬುದನ್ನು ಮರೆಯದಿರೋಣ, ಓದಿದ್ದೇ ಉಳಿಯಿತು.