ಕಾವೇರಿಯಿಂದ ಬೆಳಕು ತಂದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್

ಬೇ ಏರಿಯಾದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಸ್ವಿಚ್ ಒತ್ತಿದರೆ ದೀಪ ಹತ್ತುವುದು ದೊಡ್ಡ ಸಂಗತಿಯಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಅದೊಂದು ಸಾಹಸವೇ ಆಗಿತ್ತು. ಮೈಸೂರು ಸಂಸ್ಥಾನದಲ್ಲಿ ಆ ಸಾಹಸಕ್ಕೆ ಕೈಹಾಕಿದವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್.

1845ರಲ್ಲಿ ಪಾಲಕ್ಕಾಡ್ ಕಡೆಯ ಮನೆತನದಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಓದಿದರು. 1868ರಲ್ಲಿ ಮೈಸೂರಿನ ಸರ್ಕಾರಿ ಕೆಲಸಕ್ಕೆ ಸೇರಿ, ಹಂತಹಂತವಾಗಿ ಮೇಲೇರಿ, 1883ರಲ್ಲಿ ದಿವಾನರಾದರು. 1894ರಲ್ಲಿ ಮಹಾರಾಜ ಹತ್ತನೇ ಚಾಮರಾಜ ಒಡೆಯರು ತೀರಿಕೊಂಡರು. ಯುವರಾಜರು ಇನ್ನೂ ಬಾಲಕರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ವಹಿಸಿಕೊಂಡಾಗ ದಿವಾನರು ಅವರಿಗೆ ಆಸರೆಯಾಗಿ ನಿಂತರು. ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರು ಹರಿದದ್ದೂ ಅವರ ಕಾಲದಲ್ಲೇ.

ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತೆಗೆಯಬಹುದೆಂದು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಯೋಜನೆ ಮಾಡಿದರು. ಆದರೆ ಅದನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಬೇಕಿತ್ತು. ಅಷ್ಟು ದೂರದ ತಂತಿ ಆಗ ಲೋಕದಲ್ಲೇ ಅಪರೂಪ. ಈಗ ನಾವಿರುವ ಈ ಸೀಮೆಯಲ್ಲೂ ಯೂಬಾ ನದಿಯ ಕೋಲ್ಗೇಟ್‌ನಿಂದ ಓಕ್‌ಲ್ಯಾಂಡಿಗೆ ವಿದ್ಯುತ್ ಬಂದದ್ದು 1901ರಲ್ಲಿ. ಯೋಜನೆ ಸೋತರೆ ಸಂಸ್ಥಾನದ ಹಣವೂ ಹೆಸರೂ ನೀರುಪಾಲಾಗುತ್ತಿದ್ದವು. ದಿವಾನರು ಹಿಂಜರಿಯಲಿಲ್ಲ.

ದೂರದ ತಂತಿಗೆ ಸಿಡಿಲೇ ಶತ್ರು. ಇಂದಿನ ಸಬ್‌ಸ್ಟೇಷನ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ಇಬ್ಬರು ಕಾವಲುಗಾರರಿದ್ದಾರೆ. ಮೊದಲನೆಯದು ಸರ್ಜ್ ಅರೆಸ್ಟರ್. ಸಾಮಾನ್ಯ ಹೊತ್ತಿನಲ್ಲಿ ಅದು ಮುಚ್ಚಿದ ಬಾಗಿಲು; ಸಿಡಿಲಿನಿಂದ ವೋಲ್ಟೇಜ್ ದಿಢೀರನೆ ಏರಿದರೆ ತೆರೆದುಕೊಂಡು, ಆ ಹೊಡೆತವನ್ನು ನೆಲಕ್ಕೆ ಇಳಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಎರಡನೆಯದು ಡಿಫರೆನ್ಷಿಯಲ್ ರಿಲೇ. ಒಳ್ಳೆಯ ಲೆಕ್ಕಿಗನಂತೆ ಅದು ಒಳಬಂದ ಕರೆಂಟನ್ನೂ ಹೊರಹೋದ ಕರೆಂಟನ್ನೂ ತಾಳೆ ನೋಡುತ್ತದೆ. ಲೆಕ್ಕ ತಪ್ಪಿದರೆ ಒಳಗೆ ದೋಷವಿದೆ ಎಂದರ್ಥ. ತಕ್ಷಣ ಬ್ರೇಕರ್ ತೆರೆಸಿ ಟ್ರಾನ್ಸ್‌ಫಾರ್ಮರನ್ನು ಬೇರ್ಪಡಿಸುತ್ತದೆ.

ಕೆಲಸ ಸಾಗಿರುವಾಗಲೇ ಶೇಷಾದ್ರಿ ಅಯ್ಯರ್ ಅವರ ಆರೋಗ್ಯ ಕೆಟ್ಟಿತು. 1901ರಲ್ಲಿ ಹುದ್ದೆ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗಣಿಗಳಿಗೆ ವಿದ್ಯುತ್ ಹರಿದದ್ದು 1902ರ ಜೂನ್‌ನಲ್ಲಿ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಇವೆರಡನ್ನೂ ಅವರು ನೋಡಲಿಲ್ಲ.

ಮಕ್ಕಳೇ, ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನಲ್ಲಿರುವ ಅವರ ಪ್ರತಿಮೆಯನ್ನು ನೋಡಿ ಬನ್ನಿ. ಶೇಷಾದ್ರಿಪುರಕ್ಕೆ ಆ ಹೆಸರು ಬಂದದ್ದೂ ಅವರಿಂದಲೇ. ತಾನು ಕಾಣದ ಬೆಳಕಿಗಾಗಿ ದುಡಿದ ಇಂಥ ಹಿರಿಯರನ್ನು ದೀಪ ಹಚ್ಚುವಾಗಲೊಮ್ಮೆ ನಾವೆಲ್ಲರೂ ನೆನೆಯೋಣ.