ಹಳೆಯ ಬರಹಕ್ಕೂ ಎಡೆಮಾಡಿದ ಕಿಟೆಲ್

1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಫರ್ಡಿನಾಂಡ್ ಕಿಟೆಲ್, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದರು. ಅವರನ್ನು ಹೆಚ್ಚು ಸೆಳೆದದ್ದು ಕನ್ನಡ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ (ನಮ್ಮ ಯಲಬುರ್ಗಾ ಕಡೆಯದಲ್ಲ, ಕರಾವಳಿಯದು) ಮುದ್ರಣಗೊಂಡಿತು.

ಹಳಗನ್ನಡದ ೞ, ಱ ಅಕ್ಷರಗಳು ಬಳಕೆ ತಪ್ಪಿ ಆಗಲೇ ಶತಮಾನಗಳು ಕಳೆದಿದ್ದವು. ಜನ ‘ಮಳೆ’ ಎಂದೇ ಬರೆಯುತ್ತಿದ್ದರು. ಹೊಸ ರೂಢಿಯನ್ನಷ್ಟೇ ಹಿಡಿದಿದ್ದರೆ ಪಂಪನನ್ನು ಓದುವವರಿಗೆ ‘ಮೞೆ’ ಸಿಗುತ್ತಿರಲಿಲ್ಲ. ಕಿಟೆಲ್ ಎರಡನ್ನೂ ಉಳಿಸಿದರು. 1903ರಲ್ಲಿ ಟ್ಯೂಬಿಂಗನ್‌ನಲ್ಲಿ ನಿಧನರಾದರು.

ಆ ಎರಡು ಅಕ್ಷರಗಳು ಇಂದು ಯುನಿಕೋಡ್‌ನಲ್ಲೂ ಇವೆ. ಸ್ವಾರಸ್ಯವೆಂದರೆ, ಅಲ್ಲಿ ೞ ಅಕ್ಷರಕ್ಕೆ ತಪ್ಪಾಗಿ ‘ಫಾ’ ಎಂಬ ಹೆಸರು ಬಿದ್ದಿದೆ. ಹೆಸರು ಬದಲಿಸಿದರೆ ಹಳೆಯ ತಂತ್ರಾಂಶಗಳಿಗೆ ತೊಡಕಾದೀತೆಂದು ಅದನ್ನು ಹಾಗೆಯೇ ಬಿಟ್ಟು, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಲಾಗಿದೆ.